ಮೂಗಿಗಿಂತ ಮೊದಲು ಮುಂಗಾಲು ನೋಡಿ

ನನ್ನ ಮೊಲ ಗುಂಡನ ತಲೆ ಎಡಕ್ಕೆ ಸ್ವಲ್ಪ ವಾಲಿಕೊಂಡೇ ಇದೆ. ಅದರಲ್ಲಿ ನನ್ನ ತಪ್ಪೂ ಇದೆ, ಔಷಧಿಯನ್ನು ಅರ್ಧಕ್ಕೇ ನಿಲ್ಲಿಸಿದ್ದೆ.

ಶುರುವಾಗಿದ್ದು ಸೀನಿನಿಂದ. ದಿನಕ್ಕೆ ಒಂದೆರಡು ಸಲ, ಅಷ್ಟೇ. ಒಣಹುಲ್ಲಿನ ಧೂಳಿರಬೇಕು ಅಂತ ಸುಮ್ನೆ ಬಿಟ್ಟೆ. ಧೂಳಿಗೂ ಮೊಲ ಸೀನುತ್ತದೆ, ಸುಳ್ಳಲ್ಲ. ಮೂಗು ನೋಡಿದರೆ ಚೊಕ್ಕಟವಾಗಿತ್ತು, ಯಾಕೆಂದರೆ ಬಂದ ಸಿಂಬಳವನ್ನೆಲ್ಲ ಅವನೇ ಮುಂಗಾಲಲ್ಲಿ ಒರೆಸಿಕೊಂಡುಬಿಡುತ್ತಿದ್ದ. ಉಗುರು ಕತ್ತರಿಸಲು ಕೂರಿಸಿಕೊಂಡ ದಿನ ಕಂಡಿತು: ಎರಡೂ ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿ, ಒಣಗಿ ಗಂಟು ಕಟ್ಟಿತ್ತು. ಅಷ್ಟು ಹೊತ್ತಿಗೆ ಎಷ್ಟು ದಿನ ಆಗಿತ್ತೋ.

ಡಾಕ್ಟರು ಮೊದಲು ನೋಡಿದ್ದು ಹಲ್ಲು. ನನಗೆ ಆಶ್ಚರ್ಯ. ದವಡೆ ಹಲ್ಲಿನ ಬೇರು ಬೆಳೆದು ಕಣ್ಣೀರಿನ ನಾಳವನ್ನು ಒತ್ತಿದರೂ ಮೊಲಕ್ಕೆ ಕಣ್ಣು ಮೂಗು ಸೋರುತ್ತದಂತೆ. ಹಲ್ಲು ಸರಿ ಇತ್ತು. ಮೂಗಿನ ಆಳದಿಂದ ಸ್ವಾಬ್ ತೆಗೆದು ಕಲ್ಚರ್‌ಗೆ ಕಳಿಸಿದರು, ಪಾಶ್ಚುರೆಲ್ಲಾ ಅಂತ ಬಂತು. ಈ ಬ್ಯಾಕ್ಟೀರಿಯಾ ಎಷ್ಟೋ ಮೊಲಗಳ ಮೂಗಿನಲ್ಲಿ ತೆಪ್ಪಗೆ ಇರುತ್ತದೆ. ಮೊಲ ಹೆದರಿದಾಗ, ಸೊರಗಿದಾಗ ಅಥವಾ ಮೂತ್ರದ ಅಮೋನಿಯಾ ವಾಸನೆಯಲ್ಲೇ ಇದ್ದಾಗ ತಲೆ ಎತ್ತುತ್ತದೆ. ನಮ್ಮ ಟ್ರೇ ಎರಡು ದಿನಕ್ಕೊಮ್ಮೆ ತೊಳೆಯುತ್ತಿದ್ದೆ. ಮೂಗು ಅದರ ಪಕ್ಕದಲ್ಲೇ ಇಟ್ಟು ಮಲಗೋದು ಅವನು, ನಾನಲ್ಲ.

ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಬಾಯಿಗೆ ಹಾಕಲು ಕೊಟ್ಟರು, ನಾಲ್ಕು ವಾರ. ಜೊತೆಗೆ ಸಲೈನ್ ನೆಬ್ಯುಲೈಜರ್: ಅವನನ್ನು ಪ್ರಯಾಣದ ಪೆಟ್ಟಿಗೆಯಲ್ಲಿ ಕೂರಿಸಿ, ಮೇಲೆ ಟವೆಲ್ ಹೊದಿಸಿ, ಒಳಗೆ ಹೊಗೆಯಂತೆ ಆವಿ ಬಿಡುವುದು. ಹತ್ತು ದಿನಕ್ಕೆ ಸೀನು ನಿಂತಿತು. ನಾನೂ ಔಷಧಿ ನಿಲ್ಲಿಸಿದೆ.

ಇನ್ನೊಂದು ದೊಡ್ಡ ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಮನೆಯಲ್ಲಿ ಅಮಾಕ್ಸಿಸಿಲಿನ್ ಉಳಿದಿತ್ತು, ಸೀನು ಮತ್ತೆ ಬಂದರೆ ಅದನ್ನೇ ಹಾಕೋಣ ಅಂದುಕೊಂಡಿದ್ದೆ. ಅದು ಪೆನಿಸಿಲಿನ್ ಜಾತಿಯ ಆಂಟಿಬಯೋಟಿಕ್, ಆ ಜಾತಿಯದ್ದನ್ನು ಬಾಯಿಗೆ ಹಾಕಿದರೆ ಮೊಲದ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟದ್ದು ವಿಷ ಮಾಡಿ, ಮೊಲವೇ ಸಾಯಬಹುದು. ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೂಡ ಹಾಗೇ.

ತಿಂಗಳ ಮೇಲೆ ಒಂದು ಬೆಳಗ್ಗೆ ನೋಡುತ್ತೇನೆ, ಗುಂಡ ಗೂಡಿನ ಮೂಲೆಗೆ ಒರಗಿದ್ದಾನೆ, ತಲೆ ಒಂದು ಕಡೆಗೆ ತಿರುಚಿದೆ, ಕಣ್ಣುಗುಡ್ಡೆ ಅತ್ತಿತ್ತ ಹೊಡೆದುಕೊಳ್ಳುತ್ತಿದೆ, ಎತ್ತಲು ಹೋದರೆ ಉರುಳಾಡುತ್ತಾನೆ. ಲಕ್ವ ಹೊಡೆದಿದೆ ಅಂತ ಅತ್ತೇಬಿಟ್ಟೆ. ಹಾಗಲ್ಲ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ, ಸೋಂಕು ಆ ದಾರಿಯಲ್ಲಿ ಹತ್ತಿ ಒಳಗಿವಿಯವರೆಗೂ ಹೋಗಿತ್ತು. ಅದಕ್ಕೂ ವಾರ ಮೊದಲು ಅವನು ಆ ಕಿವಿ ಕೆರೆಯುತ್ತಿದ್ದ, ತಲೆ ಕೊಡವುತ್ತಿದ್ದ. ಕಿವಿಯೊಳಗೆ ಕಂದು ಹಕ್ಕಳೆ ಇಲ್ಲ, ಹಾಗಾಗಿ ನುಸಿ ಅಲ್ಲ ಅಂತ ಸಮಾಧಾನಪಟ್ಟುಕೊಂಡಿದ್ದೆ. (ನುಸಿಯೇ ಆದರೂ ಹಕ್ಕಳೆ ಕೀಳಬೇಡಿ, ವಿಪರೀತ ನೋವು. ಔಷಧಿ ಬಿದ್ದರೆ ಅದೇ ಉದುರುತ್ತದೆ. ನಾಯಿ ಬೆಕ್ಕುಗಳ ಚಿಗಟ, ಉಣ್ಣೆಗೆ ಹಾಕುವ ಫಿಪ್ರೊನಿಲ್ ಮಾತ್ರ ಮೊಲಕ್ಕೆ ಹಾಕಲೇಬಾರದು.)

ಎಕ್ಸ್‌ರೇಯಲ್ಲಿ ಕಿವಿಯ ಮೂಳೆಗೂಡು ಒಂದು ಕಡೆ ಮಬ್ಬಾಗಿ ಕಂಡಿತು. ತಲೆ ವಾಲಲು ಇ. ಕ್ಯುನಿಕ್ಯುಲೈ ಎಂಬ ಪರಾವಲಂಬಿಯೂ ಕಾರಣ ಇರಬಹುದು, ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಹಾಗಾಗಿ ಆಂಟಿಬಯೋಟಿಕ್ ಜೊತೆ ಆ ಪರಾವಲಂಬಿಗೆಂದು ಫೆನ್‌ಬೆಂಡಜೋಲ್ ಔಷಧಿಯನ್ನೂ 28 ದಿನ ಕೊಟ್ಟೆವು. ಮೊಲದ ಕೀವು ನೀರಾಗಿ ಹರಿಯುವುದಿಲ್ಲ, ಟೂತ್‌ಪೇಸ್ಟ್ ಥರ ಗಟ್ಟಿ. ಔಷಧಿ ಅದರೊಳಗೆ ಇಳಿಯುವುದೇ ನಿಧಾನ. ಈ ಸಲ ಆಂಟಿಬಯೋಟಿಕ್ ಮೂರು ತಿಂಗಳು ಹಾಕಿದೆ, ಒಂದು ಹೊತ್ತೂ ತಪ್ಪಿಸಲಿಲ್ಲ.

ಔಷಧಿಗಿಂತ ಜಾಸ್ತಿ ಕೆಲಸ ಇದ್ದದ್ದು ಆರೈಕೆಯಲ್ಲಿ. ಉರುಳದಂತೆ ಸುತ್ತ ಟವೆಲ್ ಸುರುಳಿ ಇಟ್ಟೆ. ನೆಲಕ್ಕೆ ಜಾರದ ಚಾಪೆ. ಕೆಳಗಾಗಿದ್ದ ಕಣ್ಣು ನೆಲಕ್ಕೆ ಉಜ್ಜುತ್ತಿತ್ತು, ಅದಕ್ಕೆ ಮುಲಾಮು. ತಾನಾಗಿ ತಿನ್ನುತ್ತಿರಲಿಲ್ಲವಾದ್ದರಿಂದ ಮೂರ್ನಾಲ್ಕು ಗಂಟೆಗೊಮ್ಮೆ ನೆನೆಸಿದ ಪೆಲೆಟ್ ಅರೆದು, ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ, ತೊಟ್ಟುತೊಟ್ಟಾಗಿ. ಆತುರಪಟ್ಟರೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಹೊಟ್ಟೆಯ ಓಟವೇ ನಿಂತು ಹೋಗುತ್ತದೆ, ಕಿವಿಗಿಂತ ಬೇಗ ಕೊಲ್ಲುವುದು ಅದು.

ಈಗ ಮುಂಗಾಲು ದಿನಾ ನೋಡುತ್ತೇನೆ, ವಾರಕ್ಕೊಮ್ಮೆ ತೂಗುತ್ತೇನೆ. ಮಲಗಿದ್ದಾಗ ಉಸಿರು ಎಣಿಸುತ್ತೇನೆ, ನಿಮಿಷಕ್ಕೆ 30ರಿಂದ 60 ಇದ್ದರೆ ಸರಿ. ಬಾಯಿ ತೆರೆದು ಉಸಿರಾಡಿದರೆ ಮಾತ್ರ ಎಣಿಸುತ್ತಾ ಕೂರುವುದಿಲ್ಲ, ಮೊಲ ಉಸಿರಾಡುವುದೇ ಮೂಗಿನಿಂದ, ಮಧ್ಯರಾತ್ರಿಯಾದರೂ ಡಾಕ್ಟರ ಹತ್ತಿರ ಓಡಬೇಕು. ಗುಂಡನಿಗೆ ಆ ಗತಿ ಬರಲಿಲ್ಲ. ಓಡುವಾಗ ಎಡಕ್ಕೆ ಎಳೆಯುತ್ತಾನೆ, ಮೇಜಿನ ಕಾಲಿಗೆ ಒಮ್ಮೊಮ್ಮೆ ಗುದ್ದಿಕೊಳ್ಳುತ್ತಾನೆ, ಎದ್ದು ಮತ್ತೆ ಹುಲ್ಲಿಗೆ ಹೋಗುತ್ತಾನೆ.