ಸೆಲ್ಫ್ ಹೊಡೆಯುತ್ತೆ, ಗಾಡಿ ಹಿಡಿಯಲ್ಲ: ಕ್ರ್ಯಾಂಕ್ ಸೆನ್ಸರ್ ಬದಲಿಸುವ ಮೊದಲು ಕಪ್ಲರ್ ನೋಡಿ

ತಣ್ಣಗಿರುವಾಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಕುಂಬಳೆಯಿಂದ ಬದಿಯಡ್ಕದವರೆಗೆ ಎಂತ ತಕರಾರೂ ಇಲ್ಲ. ಮುಳ್ಳೇರಿಯದ ಕಡೆ ಸ್ವಲ್ಪ ಏರು ಹತ್ತುವಾಗ ಎಂಜಿನ್ ಸುಮ್ನೆ ಆಫ್. ಹೊಗೆ ಇಲ್ಲ, ಶಬ್ದ ಇಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಬಾನೆಟ್ ತೆರೆದಿಟ್ಟು, ಒಂದು ಚಾ ಕುಡಿದು, ಅರ್ಧ ಗಂಟೆ ಬಿಟ್ಟು ಬಂದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತದೆ.

ಇದನ್ನು ಯಾವ ವರ್ಕ್‌ಶಾಪಿನಲ್ಲಿ ಹೇಳಿದರೂ ಉತ್ತರ ಒಂದೇ: "ಕ್ರ್ಯಾಂಕ್ ಸೆನ್ಸರ್ ಹೋಗಿದೆ ಮಾರಾಯ್ರೆ." ತುಂಬಾ ಸಲ ಅದು ಸರಿಯೇ. ಆದರೆ ನಮ್ಮದು ಉಪ್ಪುಗಾಳಿಯ ಊರು, ಜೂನ್ ಬಂತೆಂದರೆ ಬಿಡದೆ ಹೊಡೆಯುವ ಮಳೆ, ಮೇಲಿಂದ ಹೈವೇ ಕೆಲಸದ ಕೆಂಪು ಧೂಳು. ಇಲ್ಲಿ ಸೆನ್ಸರಿಗಿಂತ ಮೊದಲು ಅದರ ಕಪ್ಲರ್ (ವಯರ್ ಸೇರುವ ಪ್ಲಗ್) ಹಾಳಾಗಿರುವ ಸಾಧ್ಯತೆ ಜಾಸ್ತಿ ಅಂತ ನನ್ನ ಅಭಿಪ್ರಾಯ. ಹಾಗಾಗಿ ಮಂಗಳೂರಿಗೆ ಪಾರ್ಟ್ ತರಲು ಓಡುವ ಮೊದಲು ಸ್ವಲ್ಪ ಪರೀಕ್ಷೆ ಮಾಡಿ.

ಈ ಸೆನ್ಸರ್ ಮಾಡುವ ಕೆಲಸ ಇಷ್ಟೇ. ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತದೆ. ಬಹಳ ಗಾಡಿಗಳಲ್ಲಿ ಅದರಲ್ಲಿ 60 ಹಲ್ಲಿನ ಜಾಗ ಇರುತ್ತದೆ, ಅದರಲ್ಲಿ 2 ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಸೆನ್ಸರ್ ಹಲ್ಲುಗಳನ್ನು ಎಣಿಸುತ್ತದೆ, ಆ ಖಾಲಿ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಗೊತ್ತಾಗುತ್ತದೆ. ಈ ಸಿಗ್ನಲ್ ಇಲ್ಲದಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಕಿಡಿ ಇಲ್ಲ, ಈಗಿನ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್ ತೆರೆಯುವುದಿಲ್ಲ. ಕೆಲವು ಗಾಡಿಗಳು ಕ್ಯಾಮ್ ಸೆನ್ಸರ್ (ವಾಲ್ವ್ ತೆರೆಯುವ ಶಾಫ್ಟಿನ ಸೆನ್ಸರ್) ನೋಡಿಕೊಂಡು ಹೇಗೋ ಸ್ಟಾರ್ಟ್ ಆಗುತ್ತವೆ, ಆದರೆ ಸೆಲ್ಫ್ ತುಂಬಾ ಹೊತ್ತು ಹೊಡೆಯಬೇಕು.

ಮೊದಲ ಪರೀಕ್ಷೆಗೆ ಸಾಮಾನು ಎಂತದ್ದೂ ಬೇಡ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಸ್ವಲ್ಪವಾದರೂ ಏಳಬೇಕು. ಅಲ್ಲಾಡದೆ ಮಲಗಿದ್ದರೆ ಸಂಶಯ ಗಟ್ಟಿ. ಆದರೆ ಕೆಲವು ಗಾಡಿಗಳಲ್ಲಿ ಸೆಲ್ಫ್ ಹೊತ್ತಿನಲ್ಲಿ ಮುಳ್ಳು ಏಳುವುದೇ ಇಲ್ಲ. ಆದ್ದರಿಂದ ಸ್ಟೀರಿಂಗ್ ಕೆಳಗಿನ ಒಬಿಡಿ ಪಾಯಿಂಟಿಗೆ ಸ್ಕ್ಯಾನರ್ ಸಿಕ್ಕಿಸಿ ಲೈವ್ ಡೇಟಾದಲ್ಲಿ ನೋಡುವುದು ಒಳ್ಳೆಯದು. ಮೊಬೈಲಿಗೆ ಕನೆಕ್ಟ್ ಆಗುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಾಕು. ಸೆಲ್ಫ್ ಹೊಡೆಯುವಾಗ 150ರಿಂದ 250ರ ಸುಮಾರಿಗೆ ಆರ್‌ಪಿಎಂ ತೋರಿಸಿದರೆ ಆ ಹೊತ್ತಿಗೆ ಸೆನ್ಸರ್ ಬದುಕಿದೆ. ಸೊನ್ನೆ ತೋರಿಸಿದರೆ ಸಿಗ್ನಲ್ ಬರುತ್ತಿಲ್ಲ. ಗಾಡಿ ತಣ್ಣಗಿರುವಾಗ ನೋಡಿ ಎಲ್ಲ ಸರಿ ಇದೆ ಅಂದರೆ ಪ್ರಯೋಜನ ಇಲ್ಲ, ಆಫ್ ಆದ ಕೂಡಲೇ ಅಲ್ಲೇ ರಸ್ತೆ ಬದಿಯಲ್ಲಿ ನೋಡಬೇಕು.

ಸ್ಕ್ಯಾನರಿನಲ್ಲಿ ದೋಷದ ಕೋಡ್ ಬಂದಿದ್ದರೆ ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನಲ್ಲಿ ತೊಂದರೆ, ಪಿ0336 ಅಂದರೆ ಸಿಗ್ನಲ್ ಸರಿಯಾಗಿಲ್ಲ, ಪಿ0339 ಅಂದರೆ ಬಿಟ್ಟು ಬಿಟ್ಟು ಬರುತ್ತಿದೆ. ಪಿ0340 ಇದ್ದರೆ ಅದು ಕ್ಯಾಮ್ ಸೆನ್ಸರಿನದ್ದು. ಸರ್ಕ್ಯೂಟ್ ಅಂದರೆ ಸೆನ್ಸರ್, ಕಪ್ಲರ್, ವಯರ್ ಎಲ್ಲ ಸೇರಿ. ಈ ಕೋಡ್ ನೋಡಿ ಸೀದಾ ಸೆನ್ಸರ್ ಬದಲಿಸುವುದೇ ಎಲ್ಲರೂ ಮಾಡುವ ಕೆಲಸ.

ಆರ್‌ಪಿಎಂ ಸರಿಯಾಗಿ ಬರುತ್ತಿದ್ದರೆ ಬೇರೆ ಕಡೆ ಹುಡುಕಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಇಂಧನ ಪಂಪಿನ ಗುಂಯ್ ಶಬ್ದ ಎರಡು ಸೆಕೆಂಡ್ ಕೇಳುತ್ತದಾ, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ಲೈಟ್ ಮಿಣಮಿಣ ಅನ್ನುತ್ತಿದೆಯಾ ನೋಡಿ. ಎಂಜಿನ್ ಯಾವತ್ತಿಗಿಂತ ಹಗುರವಾಗಿ, ಜೋರಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ಹೋಗಿರಬಹುದು. ಆಗ ಸೆಲ್ಫ್ ಮತ್ತೆ ಹೊಡೆಯಲೇಬೇಡಿ.

ಈಗ ಸೆನ್ಸರ್ ಎಲ್ಲಿದೆ ಹುಡುಕಬೇಕು. ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಜಾಗದಲ್ಲಿ, ಫ್ಲೈವೀಲ್ ಹತ್ತಿರ ಇರಬಹುದು, ಇಲ್ಲವೇ ಮುಂದೆ ಕ್ರ್ಯಾಂಕ್ ಪುಲ್ಲಿ ಪಕ್ಕ. ಕೆಲವದರಲ್ಲಿ ಮೇಲಿಂದ ಕೈ ಹೋಗುತ್ತದೆ, ಕೆಲವದರಲ್ಲಿ ಗಾಡಿ ಎತ್ತಬೇಕು. ಎತ್ತುವುದಾದರೆ ಜಾಕಿ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ನಮ್ಮಲ್ಲಿ ಅಂಗಳದಲ್ಲಿ ಬಿದ್ದಿರುವ ಕೆಂಪು ಕಲ್ಲನ್ನು ಅಡಿಗೆ ಕೊಡುವ ಅಭ್ಯಾಸ ಉಂಟು. ಟಯರಿಗೆ ಅಡ್ಡ ಇಡಲು ಅದು ಅಡ್ಡಿಯಿಲ್ಲ, ಗಾಡಿಯ ಭಾರ ಹೊರಲು ಬೇಡ, ಪುಡಿಯಾಗುತ್ತದೆ. ಸರಿಯಾದ ಸ್ಟ್ಯಾಂಡ್ ಇಡಿ. ಎಂಜಿನ್ ತಣಿಯಲಿ. ಬ್ಯಾಟರಿಯ ನೆಗೆಟಿವ್ ತೆಗೆದಿಡಿ.

ಕಪ್ಲರ್ ಬಿಡಿಸಿ ಒಳಗೆ ಟಾರ್ಚ್ ಹಾಕಿ ನೋಡಿ. ಪಿನ್ನುಗಳು ಹೊಳೆಯುತ್ತಿರಬೇಕು. ಬುಡದಲ್ಲಿ ಹಸಿರು ಕಿಲುಬು ಕಂಡರೆ, ನೀರಿನ ಪಸೆ ಅಥವಾ ಎಣ್ಣೆ ಇದ್ದರೆ, ನಿಮ್ಮ ಕಳ್ಳ ಅಲ್ಲೇ ಇರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಣ್ಣ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ. ರಬ್ಬರ್ ಸೀಲ್ ಹರಿದಿದೆಯಾ, ಲಾಕ್ ಟಿಕ್ ಅಂತ ಕೂರುತ್ತದಾ ಅಂತಲೂ ನೋಡಿ. ಆಮೇಲೆ ವಯರಿನ ಉದ್ದಕ್ಕೂ ಕೈ ಆಡಿಸುತ್ತಾ ಹೋಗಿ. ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಎಂಜಿನ್ ಬೇಕು, ಕಡಿಯಲು ವಯರ್ ಬೇಕು. ಕಡಿದ ವಯರ್ ಜೋಡಿಸುವಾಗ ಬಣ್ಣಕ್ಕೆ ಬಣ್ಣ ಸರಿಯಾಗಿ ಸೇರಿಸಿ, ಸೋಲ್ಡರ್ ಮಾಡಿ, ಮೇಲೆ ಹೀಟ್ ಸ್ಲೀವ್ ಹಾಕಿ. ಎರಡು ವಯರ್ ಅದಲುಬದಲಾದರೆ ಎಂಜಿನ್ ಟೈಮಿಂಗೇ ತಪ್ಪುತ್ತದೆ, ಬರೀ ಟೇಪ್ ಸುತ್ತಿದರೆ ಒಂದು ಮಳೆಗೆ ಮುಗಿಯಿತು.

ಮಲ್ಟಿಮೀಟರ್ ಇದ್ದರೆ ಸೆನ್ಸರನ್ನೂ ಅಳೆಯಬಹುದು. ಒಳಗೆ ಬರೀ ಕಾಯಿಲ್ ಇರುವ ಎರಡು ಪಿನ್ನಿನ ಸೆನ್ಸರಾದರೆ ಓಮ್ ಅಳತೆ ಹೆಚ್ಚಾಗಿ ಕೆಲವು ನೂರರಿಂದ ಒಂದೂವರೆ ಸಾವಿರದೊಳಗೆ ಬರುತ್ತದೆ, ಸರಿಯಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲಿನಲ್ಲಿ ಇರುತ್ತದೆ. ಸೆನ್ಸರ್ ಬಿಚ್ಚಿದ ಮೇಲೆ ಅದರ ತುದಿಯನ್ನು ಬಿಸಿನೀರಿನಲ್ಲಿ ಅದ್ದಿಟ್ಟು ಮೀಟರ್ ನೋಡುತ್ತಾ ಇರಿ. ತಣ್ಣಗಿರುವಾಗ ಸರಿಯಾಗಿ ತೋರಿಸಿ ಬಿಸಿ ಏರಿದ ಹಾಗೆ ಓಪನ್ (ಸಂಪರ್ಕವೇ ಇಲ್ಲ) ಆಯಿತಾ, ಹಾಗಾದರೆ ಒಳಗೆ ಕಾಯಿಲ್ ಕಡಿದಿದೆ, ಬೇರೆ ಸಾಕ್ಷಿ ಬೇಡ. ಮೂರು ಪಿನ್ನಿನ ಹಾಲ್ ಸೆನ್ಸರಿಗೆ (ಕಾಯಿಲ್ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವುದು) ಓಮ್ ಅಳತೆ ನಡೆಯುವುದಿಲ್ಲ. ಬ್ಯಾಟರಿ ಮತ್ತೆ ಕೊಟ್ಟು, ಕೀ ಆನ್ ಮಾಡಿ, ಗಾಡಿ ಕಡೆಯ ಕಪ್ಲರಿನಲ್ಲಿ 5 ವೋಲ್ಟ್ (ಕೆಲವದರಲ್ಲಿ 12) ಮತ್ತು ಅರ್ಥ್ ಬರುತ್ತಿದೆಯಾ ನೋಡಿ. ಅದೇ ಬರುತ್ತಿಲ್ಲ ಅಂದರೆ ಹೊಸ ಸೆನ್ಸರ್ ಹಾಕಿ ಎಂತ ಮಾಡುವುದು? ಮೂರು ಪಿನ್ ಕಂಡ ಕೂಡಲೇ ಹಾಲ್ ಅಂತ ತೀರ್ಮಾನಿಸಲೂಬೇಡಿ, ಕಾಯಿಲ್ ಸೆನ್ಸರಿನಲ್ಲೂ ಮೂರನೆಯದು ಸಿಗ್ನಲ್ ಕೆಡದಂತೆ ಕಾಯುವ ಶೀಲ್ಡ್ ವಯರ್ ಆಗಿರಬಹುದು.

ಸೆನ್ಸರೇ ಹೋಗಿದೆ ಅಂತ ಖಾತ್ರಿಯಾದರೆ ಬದಲಿಸುವುದು ಸುಲಭ. ಸಾಮಾನ್ಯವಾಗಿ ಒಂದೇ ಬೋಲ್ಟ್, 10ರ ಸ್ಪ್ಯಾನರ್. ಸುತ್ತಲಿನ ಮಣ್ಣು ಮೊದಲೇ ಒರೆಸಿ, ತೆಗೆದಾಗ ತೂತಿನೊಳಗೆ ಬೀಳಬಾರದು. ಗಟ್ಟಿ ಹಿಡಿದಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಎಡಕ್ಕೂ ಬಲಕ್ಕೂ ತಿರುಚುತ್ತಾ ಮೇಲೆತ್ತಿ. ವಯರ್ ಹಿಡಿದು ಎಳೆಯಬೇಡಿ. ಹೊರಗೆ ಬಂದ ಸೆನ್ಸರಿನ ತುದಿ ನೋಡಿ: ಸಣ್ಣ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿಕೊಂಡಿದ್ದರೆ ಅದು ಕೂಡ ಸಿಗ್ನಲ್ ಕೆಡಿಸುತ್ತದೆ. ಒರೆಸಿ ವಾಪಸ್ ಹಾಕಿ ನೋಡಬಹುದು. ತುದಿ ಉಜ್ಜಿ ಸವೆದಿದ್ದರೆ ಮಾತ್ರ ಹಲ್ಲಿನ ಚಕ್ರ ತಾಗುತ್ತಿದೆ ಅಂತ ಅರ್ಥ.

ಹೊಸದನ್ನು ಹಳೆಯದರ ಪಕ್ಕ ಇಟ್ಟು ಉದ್ದ, ಪಿನ್, ಪಾರ್ಟ್ ನಂಬರ್ ತಾಳೆ ನೋಡಿ. ತುದಿಗೂ ಹಲ್ಲಿಗೂ ನಡುವೆ ಇರುವ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ, ಹಾಗಾಗಿ ಸ್ವಲ್ಪ ಗಿಡ್ಡ ಇದ್ದರೂ ಆಗುವುದಿಲ್ಲ. ಅಗ್ಗದ ಡೂಪ್ಲಿಕೇಟ್ ಬಿಸಿಯಲ್ಲಿ ಮತ್ತೆ ಕೈಕೊಡುತ್ತದೆ, ಇದರಲ್ಲಿ ದುಡ್ಡು ಉಳಿಸಬೇಡಿ. ಓ ರಿಂಗಿಗೆ (ಸೆನ್ಸರಿನ ಸುತ್ತ ಇರುವ ರಬ್ಬರ್ ಬಳೆ) ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ, ಕೈಯಲ್ಲೇ ಒತ್ತಿ ಕೂರಿಸಿ. ಸುತ್ತಿಗೆ ಬೇಡ, ಬೋಲ್ಟ್ ತಿರುಗಿಸಿ ಒಳಗೆ ಎಳೆಯುವುದೂ ಬೇಡ. ಬೋಲ್ಟ್ ಸಣ್ಣದು, ಹೆಚ್ಚಿನದರಲ್ಲಿ 8ರಿಂದ 10 ನ್ಯೂಟನ್ ಮೀಟರ್ ಸಾಕು. ವಯರನ್ನು ಮೊದಲಿದ್ದ ಕ್ಲಿಪ್ಪಿಗೇ ಸಿಕ್ಕಿಸಿ, ಸೈಲೆನ್ಸರ್ ಪೈಪಿಗೆ ತಾಗದ ಹಾಗೆ.

ಕೋಡ್ ಅಳಿಸಿ ಸ್ಟಾರ್ಟ್ ಮಾಡಿ. ಕೆಲವು ಗಾಡಿಗಳಿಗೆ ಸ್ಕ್ಯಾನರಿನಲ್ಲಿ ರೀಲರ್ನ್ (ಹೊಸ ಸೆನ್ಸರನ್ನು ಇಸಿಯುಗೆ ಪರಿಚಯಿಸುವುದು) ಮಾಡಿಸಬೇಕು, ಇಲ್ಲದಿದ್ದರೆ ಚೆಕ್ ಎಂಜಿನ್ ಲೈಟ್ ಮತ್ತೆ ಬರುತ್ತದೆ. ನಂತರ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಐಡಲಿನಲ್ಲಿ ನಿಲ್ಲಿಸಿ, ಆಫ್ ಮಾಡಿ ಕೂಡಲೇ ಸ್ಟಾರ್ಟ್ ಮಾಡಿ ನೋಡಿ. ಒಳ್ಳೆಯ ಸೆನ್ಸರ್, ಸರಿ ಇರುವ ವಯರ್, ಆದರೂ ಪಿ0336 ಬರುತ್ತಿದೆ, ಅದೂ ಈಚೆಗೆ ಕ್ಲಚ್ ಕೆಲಸ ಆಗಿದೆ ಅಂತಾದರೆ ಹಲ್ಲಿನ ಚಕ್ರವೇ ಬಗ್ಗಿರಬಹುದು ಅಥವಾ ಹಲ್ಲು ಮುರಿದಿರಬಹುದು. ಅದು ಗೇರ್‌ಬಾಕ್ಸ್ ಇಳಿಸುವ ಕೆಲಸ, ವರ್ಕ್‌ಶಾಪಿಗೇ ಬಿಡಿ.