ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ನೋಡೋದು ಹೇಗೆ? ಕ್ಯಾಸಿನೋಗೆ ಬೆನ್ನು ಹಾಕಿ!

ನ್ಯೂಜೆರ್ಸಿಯಲ್ಲಿ ಇರುವ ನಮ್ಮವರದ್ದೆಲ್ಲ ಒಂದೇ ಕ್ರಮ. ಊರಿಂದ ಅಪ್ಪ ಅಮ್ಮ ಬಂದರೆ ಮೊದಲ ವಾರ ದೇವಸ್ಥಾನ, ಎರಡನೇ ವಾರ ನ್ಯೂಯಾರ್ಕ್, ಮೂರನೇ ವಾರ ಅಟ್ಲಾಂಟಿಕ್ ಸಿಟಿ. ನಾನೂ ಹಾಗೇ ಮಾಡಿದೆ. ಕ್ಯಾಸಿನೋದ ಪಾರ್ಕಿಂಗಿನಲ್ಲಿ ಕಾರು ಬಿಟ್ಟು, ಲಿಫ್ಟ್ ಹತ್ತಿ, ಮೆತ್ತನೆಯ ಕಾರ್ಪೆಟ್ ಮೇಲೆ ಓಡಾಡಿ, ಬಫೆ ಉಂಡು ವಾಪಸ್ ಹೊರಟೆವು. ಅರ್ಧ ದಾರಿಯಲ್ಲಿ ಅಮ್ಮ ಕೇಳಿದರು, "ಸಮುದ್ರ ಅಂದಿದ್ದೆಯಲ್ಲ, ಎಲ್ಲಿತ್ತು?" ನಾವು ಕುಂದಾಪುರದ ಕಡೆಯವರು. ಆ ಮಾತು ಚುಚ್ಚಿತು.

ಆಮೇಲೆ ಆರೇಳು ಸಲ ಹೋಗಿದ್ದೇನೆ. ಬೋರ್ಡ್‌ವಾಕ್ ಅಂದರೆ ಬೀಚ್ ಉದ್ದಕ್ಕೂ ಹಲಗೆ ಹಾಸಿದ, ನಡೆದಾಡುವ ಹಾದಿ. ಅದರ ಮೇಲೆ ಈಗ ನನ್ನದೇ ಒಂದು ದಾರಿ ಇದೆ. ಎರಡು ಮೈಲಿಯ ಒಳಗಿನ ನಡಿಗೆ. ವಯಸ್ಸಾದವರಿಗೂ ಆಗುತ್ತದೆ, ನಡುನಡುವೆ ಬೆಂಚುಗಳಿವೆ.

ಮೊದಲು, ಉತ್ತರದ ತುದಿಯ ಕಡೆಯಿಂದ ಶುರು ಮಾಡಿ. ಇಲ್ಲಿ ಸಮುದ್ರದಿಂದ ಊರೊಳಗೆ ಹೋಗುವ ಹೆಚ್ಚಿನ ಬೀದಿಗಳಿಗೆ ಅಮೆರಿಕದ ರಾಜ್ಯಗಳ ಹೆಸರು. ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ಹತ್ತಿ, ದಕ್ಷಿಣಕ್ಕೆ ನಡೆದು, ಮಿಸಿಸಿಪ್ಪಿ ಅವೆನ್ಯೂದಲ್ಲಿ ಇಳಿಯಿರಿ. ಚಿಕ್ಕಂದಿನಲ್ಲಿ ನಾವು ಬಾಂಬೆ, ಮದ್ರಾಸ್ ಕೊಂಡು ಮಾರುತ್ತಿದ್ದ ಬಿಸಿನೆಸ್ ಆಟ ನೆನಪಿದೆಯಲ್ವಾ? ಅದರ ಅಕ್ಕ ಮೊನಾಪಲಿ. ಆ ಹಲಗೆಯ ಮೇಲಿರುವುದು ಇದೇ ಊರಿನ ಬೀದಿಗಳು. ಆ ಆಟದ ಎಲ್ಲಕ್ಕಿಂತ ದುಬಾರಿ ಜಾಗ ಬೋರ್ಡ್‌ವಾಕ್, ಅದು ಈಗ ನಿಮ್ಮ ಕಾಲಡಿಯಲ್ಲಿದೆ.

ಎರಡನೆಯದು, ಹತ್ತಿದ ಕೂಡಲೇ ಓಡಬೇಡಿ. ಎರಡು ನಿಮಿಷ ನಿಂತು ಕೆಳಗೆ ನೋಡಿ. ಹಲಗೆಗಳನ್ನು ಓರೆಯಾಗಿ ಜೋಡಿಸಿದ್ದಾರೆ, ತೆಂಗಿನ ಮಡಲಿನ ತಟ್ಟಿ ಹೆಣೆದ ಹಾಗೆ. ಸಂದಿಗಳಲ್ಲಿ ಮರಳು ಕೂತಿರುತ್ತದೆ. ಇಡೀ ಕಥೆ ಶುರುವಾಗಿದ್ದೇ ಆ ಮರಳಿನಿಂದ.

1854ರಲ್ಲಿ ಇಲ್ಲಿಗೆ ರೈಲು ಬಂತು. ಫಿಲಡೆಲ್ಫಿಯಾ ಕಡೆಯ ಜನ ಗಾಳಿ ಕುಡಿಯಲು ಬಂದರು. ಹೋಗುವಾಗ ಬಟ್ಟೆಯಲ್ಲಿ, ಬೂಟಿನಲ್ಲಿ ಬೀಚನ್ನೇ ಹೊತ್ತುಕೊಂಡು ಹೋದರು. ರೈಲಿನ ಸೀಟಿನ ಮೇಲೆ ಮರಳು, ಹೋಟೆಲಿನ ಜಮಖಾನದ ಮೇಲೆ ಮರಳು. ರೈಲಿನ ಕಂಡಕ್ಟರ್ ಅಲೆಕ್ಸಾಂಡರ್ ಬೋರ್ಡ್‌ಮನ್, ಹೋಟೆಲ್ ಮಾಲೀಕ ಜೇಕಬ್ ಕೈಮ್ ಇಬ್ಬರೂ ಸೇರಿ ಊರಿನವರ ಹತ್ತಿರ ಹೇಳಿದರು: ಬೀಚ್ ಉದ್ದಕ್ಕೂ ಹಲಗೆ ಹಾಸಿ. 1870ರ ಜೂನ್ 26ಕ್ಕೆ ಮೊದಲ ಹಾದಿ ತೆರೆಯಿತು. ಅಗಲ ಹತ್ತಡಿಗಿಂತ ಜಾಸ್ತಿ ಇರಲಿಲ್ಲ. ಚಳಿಗಾಲ ಬಂದರೆ ಹಲಗೆ ಕಿತ್ತು ಒಳಗಿಡುತ್ತಿದ್ದರು. ನಮ್ಮಜ್ಜಿ ಮನೆ ಬಾಗಿಲಲ್ಲಿ ಕಾಲು ತೊಳೆಯಲು ನೀರಿನ ಕೊಡಪಾನ ಇಡುತ್ತಿದ್ದರು. ಅದೇ ಸಮಸ್ಯೆಗೆ ಇವರು ಒಂದು ರಸ್ತೆಯನ್ನೇ ಕಟ್ಟಿದರು! ಬಿರುಗಾಳಿ ಒಡೆದಂತೆಲ್ಲ ಮತ್ತೆ ಕಟ್ಟಿ, 1896ರಲ್ಲಿ ಉಕ್ಕಿನ ಕಂಬಗಳ ಮೇಲೆ ನಿಲ್ಲಿಸಿದ್ದು ಐದನೆಯದು.

ಅಂದ ಹಾಗೆ, ಹೀಲ್ಸ್ ಹಾಕಬೇಡಿ. ಸಂದಿಗೆ ಸಿಕ್ಕಿಕೊಳ್ಳುತ್ತದೆ. ಕಾರಿನ ಕೀಲಿ ಕೈಯಲ್ಲಿ ತಿರುಗಿಸುತ್ತಾ ನಡೆಯುವ ಗಂಡಸರಿಗೂ ಇದೇ ಮಾತು.

ಮೂರನೆಯದು ಮುಖ್ಯ. ಇಲ್ಲದ್ದನ್ನು ನೋಡುವುದು ಕಲಿಯಿರಿ. ಸಮುದ್ರದ ಕಡೆ ಖಾಲಿ ಕಂಡಲ್ಲೆಲ್ಲ ಒಂದು ಕಾಲದಲ್ಲಿ ಪಿಯರ್ ಇತ್ತೇನೋ ಅಂತ ಯೋಚಿಸಿ. ಪಿಯರ್ ಅಂದರೆ ನೀರಿನೊಳಗೆ ಚಾಚಿದ ಕಟ್ಟೆ. ನಮ್ಮಲ್ಲಿ ಅದು ದೋಣಿ ಕಟ್ಟಲು, ಮೀನು ಇಳಿಸಲು. ಇಲ್ಲಿ ಹಾಗಲ್ಲ, ಟಿಕೆಟ್ ಹರಿದು ಜನರನ್ನು ನೀರಿನ ಮೇಲೆ ಕೂರಿಸಲು. 1882ರ ಮೊದಲ ಪಿಯರ್ ಬಿರುಗಾಳಿಗೆ ಹೋಯಿತು. ಆದರೂ ಒಂದರ ಹಿಂದೆ ಒಂದು ಕಟ್ಟಿದರು.

ಮ್ಯಾಸಚೂಸೆಟ್ಸ್ ಅವೆನ್ಯೂದ ಎದುರು ಇದ್ದದ್ದು ಹೈನ್ಜ್ ಪಿಯರ್. ಹೌದು, ಟೊಮೆಟೊ ಸಾಸ್ ಹೈನ್ಜ್! 1898ರಲ್ಲಿ ಅವರು ಇದನ್ನು ಕೊಂಡರು. ಒಳಗೆ ಹೋಗಲು ದುಡ್ಡಿಲ್ಲ. ಕೂತು ದಣಿವಾರಿಸಿಕೊಳ್ಳಿ, ಉಪ್ಪಿನಕಾಯಿ ರುಚಿ ನೋಡಿ, ಹೋಗುವಾಗ ಸೌತೆಕಾಯಿ ಉಪ್ಪಿನಕಾಯಿ ಆಕಾರದ ಒಂದು ಪುಟ್ಟ ಪಿನ್ ಅಂಗಿಗೆ ಚುಚ್ಚಿಕೊಳ್ಳಿ. ಅಷ್ಟೇ ವ್ಯಾಪಾರ. 1944ರ ಸೆಪ್ಟೆಂಬರ್ 14ರ ಚಂಡಮಾರುತ ಇದನ್ನು ಮುರಿಯಿತು, ಬೋರ್ಡ್‌ವಾಕನ್ನೂ ಉದ್ದಕ್ಕೆ ಕಿತ್ತಿತು. ಈಗ ಅಲ್ಲಿ ನಿಂತರೆ ಕಾಣುವುದು ಅಲೆ, ಕಡಲಹಕ್ಕಿ.

ಮುಂದೆ ನಡೆದರೆ ವರ್ಜೀನಿಯಾ ಅವೆನ್ಯೂ ಎದುರು ಸ್ಟೀಲ್ ಪಿಯರ್. ಮಕ್ಕಳು ಇಲ್ಲಿಂದ ಅಲ್ಲಾಡುವುದಿಲ್ಲ, ಒಂದು ಗಂಟೆ ಎತ್ತಿಡಿ. ಇದು ಶುರುವಾದದ್ದೂ 1898ರಲ್ಲೇ. ಆ ಕಾಲದಲ್ಲಿ ಇಲ್ಲಿಯ ದೊಡ್ಡ ಆಟ ಕುದುರೆ ಹಾರುವುದು. ಎತ್ತರದ ಅಟ್ಟಣಿಗೆಗೆ ಕುದುರೆ ಓಡಿ ಬರುತ್ತದೆ, ಈಜುಡುಗೆಯ ಹುಡುಗಿ ಬೆನ್ನ ಮೇಲೆ ಜಿಗಿದು ಕೂರುತ್ತಾಳೆ, ಇಬ್ಬರೂ ಕೆಳಗಿನ ನೀರಿನ ತೊಟ್ಟಿಗೆ. ಸೊನೋರಾ ವೆಬ್‌ಸ್ಟರ್ ಕಾರ್ವರ್ ಅನ್ನುವವರು 1931ರಲ್ಲಿ ಕಣ್ಣು ತೆರೆದೇ ನೀರಿಗೆ ಬಿದ್ದರು. ದೃಷ್ಟಿ ಹೋಯಿತು. ಆಮೇಲೂ 11 ವರ್ಷ ಹಾರಿದರು, ಕುರುಡಾಗಿಯೇ. ಕುದುರೆಯ ಪಾಡೇನು ಅಂತ ಜನ ಗಲಾಟೆ ಮಾಡಿ, 1970ರ ದಶಕದಲ್ಲಿ ಆ ಆಟ ನಿಂತಿತು. ಕಂಬಳದ ಸೀಮೆಯಿಂದ ಬಂದ ನಾನು ಇದರ ಬಗ್ಗೆ ಜಾಸ್ತಿ ಮಾತಾಡದಿದ್ದರೆ ಒಳ್ಳೆಯದು.

ಹಳೆಯ ಸ್ಟೀಲ್ ಪಿಯರ್ 1982ರಲ್ಲಿ ಸುಟ್ಟುಹೋಯಿತು. ಈಗಿನದು ಕಾಂಕ್ರೀಟು, ಉದ್ದವೂ ಕಡಿಮೆ. ಜನ ಕೂತು ಸುತ್ತುವ 227 ಅಡಿ ಎತ್ತರದ ಜಯಂಟ್ ವೀಲ್ ಇದೆಯಲ್ಲ, ಅದು 2017ರದ್ದು. ದುಡ್ಡು ಖರ್ಚು ಮಾಡುವುದಿದ್ದರೆ ಇದರ ಮೇಲೆ ಮಾಡಿ. ಹಾದಿ, ಮರಳು, ಸಮುದ್ರ ಮೂರೂ ಪಟ್ಟಿ ಎಳೆದ ಹಾಗೆ ಕಾಣುತ್ತದೆ.

ಅಲ್ಲಿಂದ ಅರ್ಕನ್ಸಾ ಅವೆನ್ಯೂ ತನಕ ಸುಮ್ನೆ ನಡೆಯಿರಿ. ಟೀ ಶರ್ಟ್ ಅಂಗಡಿ, ಪಿಜ್ಜಾ, ಕೈ ನೋಡುವವರು. 1978ರಲ್ಲಿ ಮೊದಲ ಕ್ಯಾಸಿನೋ ತೆರೆದ ಮೇಲೆ ಬಂದ ಕಟ್ಟಡಗಳು ಪಕ್ಕದಲ್ಲೇ ಇವೆ, ಮಧ್ಯಾಹ್ನ ಆಗುತ್ತಲೇ ಅವುಗಳ ನೆರಳು ಬೀಚಿಗೆ ಚಾಚುತ್ತದೆ. ಬಿಸಿಲು ಬೇಕಾದವರು ಬೇಗ ಬನ್ನಿ. ಸಾಲ್ಟ್ ವಾಟರ್ ಟ್ಯಾಫಿ ಅನ್ನುವ ಜಗಿಯುವ ಮಿಠಾಯಿ ಕೊಳ್ಳಬಹುದು. ಹೆಸರು ಮಾತ್ರ ಹಾಗೆ, ಸಮುದ್ರದ ನೀರೇನೂ ಹಾಕುವುದಿಲ್ಲ. ಕೆಲವು ಬಗೆಯಲ್ಲಿ ಮೊಟ್ಟೆಯ ಬಿಳಿ ಇರುತ್ತದೆ, ಊರಿಗೆ ಕಳಿಸುವುದಿದ್ದರೆ ಡಬ್ಬಿಯ ಹಿಂಬದಿ ಓದಿ.

ಕಾಲು ನೋವಾದರೆ ರೋಲಿಂಗ್ ಚೇರ್ ಇದೆ. ಬೆತ್ತದ ಕುರ್ಚಿಗೆ ಗಾಲಿ, ಹಿಂದಿನಿಂದ ಒಬ್ಬರು ತಳ್ಳುತ್ತಾರೆ. 1880ರ ದಶಕದಲ್ಲಿ ಕಾಯಿಲೆಯವರಿಗೆ ಅಂತ ಬಂದದ್ದು, ಆಮೇಲೆ ಶ್ರೀಮಂತರ ಶೋಕಿಯಾಯಿತು. ಹತ್ತುವ ಮೊದಲು ಎಲ್ಲಿಯ ತನಕ, ಎಷ್ಟು, ಒಬ್ಬರಿಗೋ ಇಬ್ಬರಿಗೋ ಎಲ್ಲ ಮಾತಾಡಿಕೊಳ್ಳಿ. ನಾನು ಮಾತಾಡದೆ ಅಪ್ಪ ಅಮ್ಮನನ್ನು ಕೂರಿಸಿ, ಇಳಿಯುವಾಗ ಎರಡರಷ್ಟು ಕೊಟ್ಟೆ. ಬೆಂಗಳೂರಲ್ಲಿ ಆಟೋ ಹತ್ತಿ ಅಷ್ಟು ವರ್ಷ ಕಲಿತದ್ದೆಲ್ಲ ದಂಡ.

ಅರ್ಕನ್ಸಾ ಅವೆನ್ಯೂದ ಪಿಯರ್ ನನಗೆ ಇಷ್ಟ. ಕಟ್ಟಡ ಅಂತಲ್ಲ, ಈಗ ಇರುವುದು ಮಾಲಿನ ಚಹರೆಯ ಕಟ್ಟಡ. ಇಷ್ಟ ಅದರ ಹಳೆಯ ಯಜಮಾನ ಕ್ಯಾಪ್ಟನ್ ಜಾನ್ ಯಂಗ್. 1906ರಲ್ಲಿ ಮಿಲಿಯನ್ ಡಾಲರ್ ಪಿಯರ್ ಕಟ್ಟಿ, ಅದರ ಮೇಲೇ ಮನೆ ಕಟ್ಟಿಕೊಂಡ. ವಿಳಾಸ: ನಂಬರ್ 1, ಅಟ್ಲಾಂಟಿಕ್ ಸಾಗರ! ದಿನವೂ ಹೊತ್ತು ಹೊತ್ತಿಗೆ ಬಲೆ ಎಳೆಸುತ್ತಿದ್ದ, ಏನೇನು ಮೀನು ಬಂತು ಅಂತ ನೋಡಲು ಜನ ಟಿಕೆಟ್ ಕೊಟ್ಟು ಮುತ್ತುತ್ತಿದ್ದರು. ಇದನ್ನು ಹೇಳಿದಾಗ ಅಪ್ಪ ತುಂಬಾ ಹೊತ್ತು ನಕ್ಕರು. ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದ ಹುಡುಗರಿಗೆ ನಮ್ಮಲ್ಲಿ ನಾಲ್ಕು ಬಂಗುಡೆ ಸಿಗುತ್ತಿತ್ತು. "ಇಲ್ಲಿ ನೋಡಿದವರೇ ದುಡ್ಡು ಕೊಡಬೇಕಾ!"

ಒಂದು ಬೀದಿ ಮುಂದೆ ಮಿಸೌರಿ ಅವೆನ್ಯೂ. ಇಲ್ಲಿ ಮರಳಿಗೆ ಇಳಿಯಿರಿ. ಪಕ್ಕದ ಊರುಗಳಲ್ಲಿ ಬೇಸಿಗೆಗೆ ಮರಳಿಗೆ ಇಳಿಯಲು ಬೀಚ್ ಟ್ಯಾಗ್ ಕೊಳ್ಳಬೇಕು, ಇಲ್ಲಿ ಪುಕ್ಕಟೆ. ಈ ತುಂಡಿಗೆ ಚಿಕನ್ ಬೋನ್ ಬೀಚ್ ಅಂತ ಹೆಸರು. ಹೋಟೆಲಿನಲ್ಲಿ ಹಾಸಿಗೆ ಹಾಸಿದವರು, ಅಡುಗೆ ಮಾಡಿದವರು, ಆ ರೋಲಿಂಗ್ ಚೇರ್ ತಳ್ಳಿದವರು ಹೆಚ್ಚಿನವರು ಕಪ್ಪು ಜನ. ಇಷ್ಟುದ್ದದ ಬೀಚಿನಲ್ಲಿ ಅವರಿಗೆ ಬಿಟ್ಟದ್ದು ಇದೊಂದೇ ತುಂಡು, ದಶಕಗಳ ಕಾಲ. ಪಿಯರ್‌ಗಳ ಹಳೆಯ ಬಣ್ಣದ ಪೋಸ್ಟ್‌ಕಾರ್ಡ್ ನೋಡಿ ಮರುಳಾಗುವ ಮೊದಲು ಇಲ್ಲಿ ಐದು ನಿಮಿಷ ಕೂತಿರಿ.

ಕೊನೆಗೆ ಮಿಸಿಸಿಪ್ಪಿ ಅವೆನ್ಯೂದ ಬೋರ್ಡ್‌ವಾಕ್ ಹಾಲ್ ಅನ್ನುವ ಸಭಾಂಗಣ, 1929ರದ್ದು. ಒಳಗಿನ ಆರ್ಗನ್ ವಾದ್ಯಕ್ಕೆ 33,112 ಕೊಳವೆಗಳು. ನುಡಿಸುವ ಹೊತ್ತು ಮೊದಲೇ ವಿಚಾರಿಸಿಕೊಂಡು ಹೋಗಿ.

ಹೊರಡುವ ಮುಂಚೆ ಕಾಲು ತೊಳೆದುಕೊಳ್ಳಿ, ಚಪ್ಪಲಿ ಹೊರಗೇ ಕೊಡವಿ. ಅಪ್ಪ ಕೊಡವಿದ್ದು ಕಾರಿನೊಳಗೆ ಕೂತ ಮೇಲೆ. ಅವರು ಊರಿಗೆ ಹೋಗಿ ನಾಲ್ಕು ತಿಂಗಳಾಯಿತು, ಹಿಂದಿನ ಸೀಟಿನ ಸಂದಿಯಲ್ಲಿ ಇನ್ನೂ ಮರಳಿದೆ.