ಬೇಲ್, ನೆಬೋ ಪಾಠಕ್ಕೆ ನಾನು ತಯಾರಾದ ರೀತಿ

ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಪ್ರವಾದಿ ಯೆಶಾಯನ ಪುಸ್ತಕದ 44 ಮತ್ತು 46ನೇ ಅಧ್ಯಾಯಗಳು ನನ್ನ ಪಾಲಿಗೆ ಬಂದವು. ವಿಗ್ರಹಾರಾಧನೆ ಬಗ್ಗೆ ಬೈಬಲಿನ ತುಂಬ ಖಾರವಾದ ಮಾತುಗಳು ಇಲ್ಲೇ ಇವೆ. ಒಬ್ಬ ಮರ ಕಡಿಯುತ್ತಾನೆ. ಅರ್ಧ ಉರಿಸಿ ರೊಟ್ಟಿ ಸುಡುತ್ತಾನೆ, ಉಳಿದದ್ದಕ್ಕೆ ಅಡ್ಡ ಬೀಳುತ್ತಾನೆ. ಓದಿ ನಕ್ಕು ಮುಂದೆ ಹೋಗುವುದು ನನಗೆ ಬೇಡವಾಗಿತ್ತು. ಇಲ್ಲಿ ಗೇಲಿಗೆ ಗುರಿಯಾದ ಪ್ರಾಚೀನ ಬಾಬೆಲಿನವರೇನು (ಬ್ಯಾಬಿಲೋನಿನವರು) ದಡ್ಡರಲ್ಲ, ಅಲ್ವಾ? ಅವರ ನಂಬಿಕೆ ಏನಿತ್ತು ಅಂತ ಮೊದಲು ತಿಳಿಯಬೇಕಿತ್ತು.

ಹಾಗಾಗಿ ಅವರೇ ಬರೆದಿಟ್ಟ ಮಣ್ಣಿನ ಹಲಗೆಗಳ ಅನುವಾದ ಹಿಡಿದು ಕೂತೆ. ಹೊಸ ವಿಗ್ರಹದ ಬಾಯಿ ತೊಳೆಯುವ ವಿಧಿಯೊಂದು ಅಲ್ಲಿದೆ. ವಿಗ್ರಹವನ್ನು ನದಿ ದಂಡೆಯ ತೋಟಕ್ಕೆ ಒಯ್ಯುತ್ತಾರೆ. ಅದನ್ನು ಮಾಡಿದ ಕುಶಲಕರ್ಮಿಗಳನ್ನು ಕರೆದು, ಕೈಗೆ ಬಟ್ಟೆ ಕಟ್ಟಿ, ಮರದ ಕತ್ತಿಯಿಂದ ಕಡಿದ ಹಾಗೆ ಮಾಡುತ್ತಾರೆ. ಇದನ್ನು ಮಾಡಿದ್ದು ನಾನಲ್ಲ, ದೇವರೇ ಅಂತ ಅವರು ಆಣೆ ಇಡಬೇಕು. ಬಾಯಿ ತೆರೆಯದ ವಿಗ್ರಹ ಧೂಪ ಮೂಸದು, ಉಣ್ಣದು, ನೀರು ಕುಡಿಯದು ಅಂತ ಆ ವಿಧಿಯ ಮಂತ್ರದಲ್ಲೇ ಇದೆ!

ಆಮೇಲೆ ಯೆಶಾಯ 44 ಮತ್ತೆ ಓದಿದೆ. ಕಮ್ಮಾರನ ಸುತ್ತಿಗೆ, ಅವನ ಹಸಿವು, ಬಡಗಿಯ ನೂಲು, ಕೈವಾರ ಎಲ್ಲ ಒಂದೊಂದಾಗಿ ಬರುತ್ತವೆ. ಆ ಆಣೆ ಮರೆಸಿದ ಕೈಗಳನ್ನೇ ಪ್ರವಾದಿ ಎತ್ತಿ ತೋರಿಸುತ್ತಾನೆ. ನನಗೆ ಮೈ ಜುಮ್ಮೆಂದಿತು.

46ನೇ ಅಧ್ಯಾಯಕ್ಕೆ ಬಾಬೆಲಿನ ಹೊಸ ವರ್ಷದ ಹಬ್ಬ ವಿವರಿಸಿದರೆ ಸಾಕು. ಅಲ್ಲಿ ಬರುವ ಬೇಲ್ ಅಂದರೆ ಬಾಬೆಲಿನ ಮುಖ್ಯ ದೇವರು ಮರ್ದೂಕ, ನೆಬೋ ಅವನ ಮಗ. ವಸಂತದಲ್ಲಿ ನೆಬೋ ವಿಗ್ರಹ ಹತ್ತಿರದ ಬೋರ್ಸಿಪ್ಪ ಊರಿನಿಂದ ಬರುತ್ತಿತ್ತು, ಇಬ್ಬರಿಗೂ ಭಾರೀ ಮೆರವಣಿಗೆ. ಕ್ರಿ.ಪೂ. 539ರಲ್ಲಿ ಪಾರಸಿಯ ರಾಜ ಕೋರೆಷನ ಸೈನ್ಯ ಬರುವ ಮುಂಚೆ ಬಾಬೆಲಿನ ರಾಜ ನಬೋನಿದಸ್ ಸುತ್ತಲಿನ ಕೆಲವು ಊರುಗಳ ದೇವರ ವಿಗ್ರಹಗಳನ್ನು ಬಾಬೆಲಿಗೆ ಸಾಗಿಸಿದ್ದ. ಪ್ರವಾದಿಯ ಚಿತ್ರದಲ್ಲೂ ವಿಗ್ರಹಗಳು ದಣಿದ ದನಗಳ ಬೆನ್ನ ಮೇಲಿವೆ. ಕರ್ತನಾದರೋ ತನ್ನ ಜನರನ್ನು ನರೆಗೂದಲು ಬರುವ ತನಕ ತಾನೇ ಹೊರುತ್ತೇನೆ ಅನ್ನುತ್ತಾನೆ. ಇಲ್ಲಿ ಜಾಸ್ತಿ ಹೊತ್ತು ನಿಂತೆವು.

“ಬ್ರದರ್, ಹಾಗಾದ್ರೆ ನಮ್ಮ ಪಕ್ಕದ ಮನೆಯವರ ಪೂಜೆನೂ ಇದೇನಾ?” ಅಂತ ಒಬ್ಬ ಸಿಸ್ಟರ್ ಕೇಳಿದರು. 46ರ ಎಂಟನೇ ವಚನ ಓದಿಸಿದೆ. ಅಲ್ಲಿ ದ್ರೋಹಿಗಳೇ ಅಂತ ಕರೆಸಿಕೊಳ್ಳುವವರು ಬಾಬೆಲಿನವರಲ್ಲ, ಬಾಬೆಲಿನ ಸೆರೆಯಲ್ಲಿದ್ದ ಯಾಕೋಬನ ಮನೆತನದವರು, ಅಂದರೆ ಇಸ್ರಾಯೇಲ್ಯರು. ಎಚ್ಚರಿಕೆ ಬಂದದ್ದು ದೇವರ ಸ್ವಂತ ಜನರಿಗೆ. ಅದನ್ನು ನೆರೆಮನೆಯವರ ಮೇಲೆ ಎಸೆಯಲು ನಾನು ಒಪ್ಪುವುದಿಲ್ಲ, ಪಾಠದಲ್ಲೂ ಅದನ್ನೇ ಹೇಳಿದೆ. ಮುಂದಿನ ಪಾಠ ಯೆರೆಮೀಯ 10. ಅದಕ್ಕೂ ಮೊದಲು ಹಲಗೆಗಳನ್ನೇ ಓದುತ್ತಿದ್ದೇನೆ.